ಒಂದು ಉಂಡಿ ತಿಂದ್ರ ಏನೂ ಆಗೂದಿಲ್ಲ

ನಾನು ಎರಡು ಜಡೆ ಹಾಕಿಕೊಂಡು ಬೆಟಗೇರಿಯ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಶ್ರಾವಣ ಮೊದಲು ಬರುತ್ತಿದ್ದುದು ಮೂಗಿಗೆ. ಓಣಿಯ ಮನೆಮನೆಯಲ್ಲೂ ಶೇಂಗಾ ಹುರಿಯುವ ವಾಸನೆ, ಬೆಲ್ಲದ ಪಾಕದ ವಾಸನೆ. ನಾವು ಹುಡುಗಿಯರು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರಗಿರ ತಿರುಗಿಸುತ್ತ ಪಂಚಮಿಯ ದಾರಿ ಕಾಯುತ್ತಿದ್ದೆವು. ಹಬ್ಬಕ್ಕೆ ಸೊರಟೂರಿನಿಂದ ಸೋದರಮಾವ ಬಂದು ಅವ್ವನನ್ನೂ ನನ್ನನ್ನೂ ಕರೆದೊಯ್ಯುತ್ತಿದ್ದ. ಅಲ್ಲಿ ಬೇವಿನ ಮರಕ್ಕೆ ಜೋಕಾಲಿ. ಅವ್ವ ನಿಂತು ಜೀಕಿದರೆ ತಲೆ ಎಲೆಗಳಿಗೆ ತಾಗುತ್ತಿತ್ತು.

ನಾನು ನಾಲ್ಕನೇ ಇಯತ್ತೆಯಲ್ಲಿದ್ದ ವರ್ಷ ಅದೇ ಅವ್ವ ನನ್ನ ಎರಡು ಜಡೆಯನ್ನು ಒಟ್ಟಿಗೆ ಹೆಣೆಯಲಾರದಾಗಿದ್ದಳು. ಒಂದು ಹೆಣೆಯುವುದರಲ್ಲಿ ಕೈ ಸೋತು ಗೋಡೆಗೆ ಒರಗುತ್ತಿದ್ದಳು. "ತಡಿಯವಾ, ಇನ್ನೊಂದು ಆಮ್ಯಾಲೆ ಹಾಕ್ತೀನಿ." ಎಷ್ಟೋ ದಿನ ಒಂದು ಕಡೆ ಜಡೆ, ಒಂದು ಕಡೆ ಬಿಟ್ಟ ಕೂದಲಿನಲ್ಲೇ ಶಾಲೆಗೆ ಓಡಿದ್ದೇನೆ.

ಮೇದೋಜೀರಕ ಗ್ರಂಥಿಯಲ್ಲಿ ಹಳೆಯ ಬಾವು ಎಂದಿದ್ದರು ಗದಗಿನ ಡಾಕ್ಟರು. ಪೂರ್ತಿ ವಾಸಿಯಾಗುವುದಲ್ಲ, ಸಂಭಾಳಿಸಿಕೊಂಡು ಹೋಗಬೇಕು. ಎಣ್ಣೆ, ತುಪ್ಪ, ಶೇಂಗಾ ಬೇಡ. ದಣಿವು ಇದ್ದೇ ಇರುತ್ತದೆ. ಇಷ್ಟು ಬಿಡಿಸಿ ಹೇಳಿದ ಮಾತು ನಮ್ಮ ಬಳಗದ ಒಬ್ಬರ ಕಿವಿಗೂ ಇಳಿಯಲಿಲ್ಲ ನೋಡಿ! "ನೋಡಾಕ ಚಲೋನ ಅದಾಳಲ್ಲ" ಎಂದು ಒಬ್ಬರು. "ಮನಸಿಗೆ ಹಚ್ಕೊಂಡಾಳ. ಎದ್ದು ಅಡ್ಡಾಡಿದ್ರ ಎಲ್ಲಾ ಸರಿ ಹೋಗ್ತೈತಿ" ಎಂದು ಇನ್ನೊಬ್ಬರು. ಅವಳೇ ಎದ್ದು ಮಾಡಿಕೊಟ್ಟ ಚಹಾ ಕುಡಿಯುತ್ತಲೇ ಹೇಳುತ್ತಿದ್ದರು, ಪುಣ್ಯಾತ್ಮರು. ಅವರು ಹೋದ ಮೇಲೆ ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ನನಗೆ ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿತ್ತು.

ಆ ಪಂಚಮಿಗೂ ಮಾಮಾ ಬಂದ.

"ನಾ ಬರಂಗಿಲ್ಲ ಯಣ್ಣಾ, ಮೈಯಾಗ ಶಕ್ತಿ ಇಲ್ಲ" ಎಂದಳು ಅವ್ವ.

"ಅದಕ್ಕ ಬಾ ಅನ್ನೂದು. ಅವ್ವನ ಕೈಯಾಗ ನಾಕು ದಿನ ಉಂಡ್ರ ಗಟ್ಟಿ ಆಗ್ತಿ."

ಹೋದೆವು. ಆಯಿ, ಅಂದರೆ ಅವ್ವನ ಅವ್ವ, ಮಗಳ ತೋಳು ಮುಟ್ಟಿ ನೋಡಿ ಹೌಹಾರಿದಳು. ತವರಿಗೆ ಬಂದ ಮಗಳು ಸೊರಗಿದ್ದರೆ ನಮ್ಮ ಕಡೆ ಯಾರೂ ಕಾರಣ ಕೇಳುವುದಿಲ್ಲ. ಗಂಡನ ಮನೆಯಲ್ಲಿ ಹೊಟ್ಟೆ ತುಂಬ ಹಾಕಿಲ್ಲ ಎಂದು ತೀರ್ಪು ಆಗಿಬಿಡುತ್ತದೆ. ಶಿಕ್ಷೆ ಮಾತ್ರ ಮಗಳಿಗೆ. ಪಂಚಮಿಗೆ ಮುಂಚೆ ಬರುವ ರೊಟ್ಟಿ ಹಬ್ಬದ ದಿನ ಓಣಿಯವರು ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ ಕೊಟ್ಟುಹೋದರು. ಅದನ್ನು ಅವ್ವ ಹೇಗೋ ತಪ್ಪಿಸಿಕೊಂಡಳು. ಮರುದಿನ ಉಂಡಿಗಳು ಬಂದವು: ಶೇಂಗಾ ಉಂಡಿ, ಎಳ್ಳುಂಡಿ, ತುಪ್ಪ ಜಿನುಗುವ ಬೇಸನ್ ಉಂಡಿ.

"ಬ್ಯಾಡವಾ, ಡಾಕ್ಟರ್ ತಿನಬ್ಯಾಡ ಅಂದಾರ" ಎಂದಳು ಅವ್ವ.

"ಡಾಕ್ಟರ್ ನಿನ್ನ ಹಡದಾನೇನು? ಒಂದು ಉಂಡಿ ತಿಂದ್ರ ಏನೂ ಆಗೂದಿಲ್ಲ, ತಿನ್ನು."

"ಆಯಿ, ಅವ್ವಗ ಖರೇನ ಆಗಿಬರೂದಿಲ್ಲ" ಎಂದೆ ನಾನು.

"ನೀ ಸುಮ್ನ ಕುಂಡ್ರು. ಹಬ್ಬದ ದಿನ ತವರಾಗ ಬ್ಯಾಡ ಅನಬಾರ್ದು."

ಆಯಿ ತಿನ್ನಿಸಿದಳು. ಆಮೇಲೆ ಪಕ್ಕದ ಮನೆಯವಳು "ನಮ್ಮನಿದೂ ಒಂದು" ಎಂದಳು, ಎದುರು ಮನೆಯವಳೂ ಹಾಗೇ ಎಂದಳು. ಒಂದೊಂದೇ ಎನ್ನುತ್ತ ಓಣಿಗೆ ಓಣಿಯೇ ತಿನ್ನಿಸಿತು. ಅವ್ವ ನನ್ನ ಮುಖ ನೋಡುತ್ತ ನುಂಗಿದಳು. ಎಲ್ಲರಿಗೂ ಎಷ್ಟು ಸಂತೋಷ! ಸಂಜೆ ಜೋಕಾಲಿಯ ಕಡೆ ಹೊರಟವಳು ಬೇವಿನ ಬುಡದಲ್ಲೇ ಹೊಟ್ಟೆ ಹಿಡಿದುಕೊಂಡು ಕುಸಿದಳು.

ಗದಗಿನ ಆಸ್ಪತ್ರೆಯಲ್ಲಿ ಸಲಾಯಿನ್ ಹಚ್ಚಿದರು. ಆಯಿ ಕಾಲು ಒತ್ತುತ್ತ ಅತ್ತಳು. "ಇಷ್ಟು ತ್ರಾಸ ಐತೆಂತ ನಮಗ ಗೊತ್ತ ಇರಲಿಲ್ಲಲ್ಲ ನನ್ನವ್ವಾ."

ಅವ್ವ ಕಣ್ಣು ತೆರೆಯದೆ ಅಂದಳು: "ಬಾಯಿಲೆ ಹೇಳಿದಾಗ ಯಾರೂ ಕೇಳಲಿಲ್ಲ. ಬಾಟ್ಲಿ ಹಚ್ಚಿದ ಮ್ಯಾಲೆ ಖರೆ ಆತೇನು?"

ಆಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಅದೇ ಹೊತ್ತಿಗೆ ಮಾತಾಡಿಸಲು ಬಂದ ಎದುರು ಮನೆಯವಳು ಚೀಲದಿಂದ ಡಬ್ಬಿ ತೆಗೆದಳು. ಅದರಲ್ಲಿ ಏನಿತ್ತೆಂದು ಬೇರೆ ಹೇಳಬೇಕೆ?

ಆಮೇಲೆ ಎಲ್ಲರೂ ಪಾಠ ಕಲಿತರು. ಎಂಥ ಪಾಠ! ತಿನ್ನಿಸುವುದನ್ನು ಬಿಟ್ಟರು, ಅದರ ಜೊತೆಗೆ ಕರೆಯುವುದನ್ನೂ ಬಿಟ್ಟರು. ಆಯಿ ಇರುವತನಕ ತವರಿಗೆ ಹೋಗಿಬರುವುದು ಹೇಗೋ ನಡೆಯಿತು. ಅವಳು ಮಗಳಿಗೆಂದು ಬೇರೆ ಗಂಜಿ ಕಾಸಿ ಇಡುತ್ತಿದ್ದಳು. ಅವಳು ಹೋದ ಮೇಲೆ ಮಾಮಾ ಬರುವುದು ನಿಂತಿತು. ಅವ್ವ ಈಗ ಊಟದ ಜೊತೆ ಮಾತ್ರೆ ನುಂಗಿ ತಕ್ಕಮಟ್ಟಿಗೆ ಇದ್ದಾಳೆ. ದಣಿವು ಹೋಗಿಲ್ಲ. ನಾನು ಒಂದೇ ಜಡೆಗೆ ಇಳಿದು ಎಷ್ಟೋ ವರ್ಷವಾಯಿತು. ಓಣಿಯಲ್ಲಿ ಶೇಂಗಾ ಹುರಿಯುವವರಿಲ್ಲ, ಉಂಡಿ ಅಂಗಡಿಯಿಂದ ಬರುತ್ತದೆ. ಪಂಚಮಿ ಬಂದರೆ ಅವ್ವ ಮಾತ್ರ ಬಾಗಿಲಿಗೆ ಮುಖ ಮಾಡಿ ಕೂರುತ್ತಾಳೆ. ಯಾಕವಾ ಎಂದರೆ "ಗಾಳಿಗೆ ಕುಂತೀನಿ" ಅನ್ನುತ್ತಾಳೆ.

ಈ ಶ್ರಾವಣದಲ್ಲಿ ತಡೆಯಲಾರದೆ ನಾನೇ ಮಾಮಾನಿಗೆ ಫೋನ್ ಹಚ್ಚಿದೆ.

"ಆಕಿ ಏನೂ ತಿನ್ನಂಗಿಲ್ಲಲ್ಲವಾ, ಬಂದು ಏನ್ ಮಾಡ್ತಾಳ?" ಅಂದ.

"ಜೋಕಾಲಿ ಮ್ಯಾಲೆ ಕುಂಡ್ರತಾಳ ಮಾಮಾ. ನೀ ಮೆಲ್ಲಕ ತೂಗು."

"ಆಕಿ ಬರೂದು ಬಿಟ್ಟ ಮ್ಯಾಲೆ ನಾವು ಜೋಕಾಲಿನ ಕಟ್ಟಿಲ್ಲವಾ" ಅಂದ.

ಬರುವುದನ್ನು ಬಿಟ್ಟವಳು ಅವಳಂತೆ! ಈ ಕಡೆ ಅವ್ವ ಬಾಗಿಲಿಗೆ ಮುಖ ಮಾಡಿ ಕೂತೇ ಇದ್ದಳು.