ಮೈಕಮ್ಮ ಕಂಡ ಉಲಿಯಕ್ಕಿ

ಗಿರಣಿಯ ಬೀದಿಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಮೈಕಮ್ಮ. ನೇಯ್ಗೆ ಗಿರಣಿಯ ಗದ್ದಲದಲ್ಲಿ ಆಯುಷ್ಯ ಸವೆಸಿದವಳು. ಅಲ್ಲಿ ಪಕ್ಕದ ಮಗ್ಗದವಳಿಗೆ ‘ಎಳೆ ಹರಿದಿದೆ’ ಅನ್ನಬೇಕಾದರೂ ಗಂಟಲು ಹರಿಯುವಂತೆ ಕೂಗಬೇಕು. ಆ ಮೈಕಿನಂಥ ಕೂಗು ಮನೆಗೂ ಬಂತು. ಗಂಡನೋ ಕ್ಷೌರದವನು, ಗಿರಾಕಿಯ ಕಿವಿಯ ಹತ್ತಿರ ಕತ್ತರಿ ಆಡಿಸುತ್ತ ಪಿಸುಮಾತು ರೂಢಿಯಾದವನು. ಹೀಗಾಗಿ ಅವರಿಬ್ಬರ ಜಗಳ ಬೀದಿಗೆ ಯಾವಾಗಲೂ ಅರ್ಧವೇ ಕೇಳುತ್ತಿತ್ತು. ಉಳಿದರ್ಧವನ್ನು ಬೀದಿಯೇ ತುಂಬಿಕೊಳ್ಳುತ್ತಿತ್ತು.

ಅವಳು ಕೆಲಸ ಬಿಟ್ಟ ವರ್ಷ, ಮಳೆ ಹಿಡಿದ ಹೊಸದರಲ್ಲಿ, ಒಂದು ಬೆಳಗ್ಗೆ ಗಂಡ ಹಿತ್ತಿಲ ಬಾಗಿಲಲ್ಲಿ ನಿಂತುಬಿಟ್ಟಿದ್ದ. ಮೋಟುಗೋಡೆಯಾಚೆ ಗಿರಣಿಯ ಪಾಳುಜಾಗ. ಬರೀ ಮುಳ್ಳುಪೊದೆ, ಎದೆಮಟ್ಟ ಹುಲ್ಲು.

“ಎಷ್ಟು ಚೆನ್ನಾಗಿ ಹಾಡ್ತಿದೆ ನೋಡೇ,” ಅಂದ, ಅವಳಿಗೆ ತಿಳಿಯುವಂತೆ ತುಟಿ ಬಿಡಿಸಿ.

ಪೊದೆಯ ತುದಿಯಲ್ಲಿ ಹೆಬ್ಬೆರಳಿನಷ್ಟು ಹಕ್ಕಿ. ಮಣ್ಣು ಬಣ್ಣದ ಬೆನ್ನು, ಮಾಸಲು ಬಿಳಿ ಹೊಟ್ಟೆ, ನೆಟ್ಟಗೆ ಎತ್ತಿದ ಉದ್ದ ಬಾಲ. ಕೊಕ್ಕು ಬಿಚ್ಚಿತ್ತು, ಗಂಟಲು ನಡುಗುತ್ತಿತ್ತು. ಮೈಕಮ್ಮನಿಗೆ ಏನೂ ಕೇಳಿಸಲಿಲ್ಲ.

ಕಿವಿ ಡಾಕ್ಟರು ಪರೀಕ್ಷೆ ಮಾಡಿ ಹೇಳಿದರು: “ಸಣ್ಣ ದನಿಗಳು ಹೋಗಿವೆ, ಅಮ್ಮ. ಯಂತ್ರ ಹಾಕಿದ್ರೆ ಮಾತು ಸ್ವಲ್ಪ ತಿಳಿಬಹುದು. ಹಕ್ಕಿಪಕ್ಕಿ ಆಸೆ ಬಿಡಿ.”

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅಂದಳು: “ಕಿವಿ ಹೋದ್ರೆ ಹೋಗ್ಲಿ ರೀ. ಕಣ್ಣಿಗೇನು ಧಾಡಿ? ಅದು ಹೇಗೆ ಬದುಕುತ್ತೆ, ಏನು ತಿನ್ನುತ್ತೆ, ಎಲ್ಲಾ ನೋಡಿಯೇ ತಿಳ್ಕೋತೀನಿ.”

ಗ್ರಂಥಾಲಯದ ಪುಸ್ತಕದಲ್ಲಿ ಅದರ ಹೆಸರು ಉಲಿಯಕ್ಕಿ ಎಂದಿತ್ತು. “ಉಲಿ ಅಂದ್ರೆ ದನಿ! ಕಿವುಡಿಗೆ ಗಂಟು ಬಿದ್ದಿದ್ದು ನೋಡಿ ಎಂಥ ಹಕ್ಕಿ!” ಎಂದು ಬಿದ್ದು ಬಿದ್ದು ನಕ್ಕಳು. ಮಾರನೇ ದಿನದಿಂದ ಗೋಡೆಯ ಪಕ್ಕ ಸ್ಟೂಲು ಹಾಕಿ ಕೂತಳು.

ಮೊದಮೊದಲು ಹುಲ್ಲು ಅಲ್ಲಾಡುವುದು ಬಿಟ್ಟು ಮತ್ತೇನೂ ಕಾಣುತ್ತಿರಲಿಲ್ಲ. ಸೊಂಟ ಹಿಡಿಯಿತು, ಸೊಳ್ಳೆ ಮುತ್ತಿದವು. ಅವಳು ಏಳಲಿಲ್ಲ. ಬರಬರುತ್ತ ಹಕ್ಕಿಯ ಸಂಸಾರ ಬಿಚ್ಚಿಕೊಂಡಿತು. ಗಂಡು ಪೊದೆಯ ನೆತ್ತಿಯಲ್ಲಿ ಹಾಡುತ್ತ ಗಡಿ ಕಾಯುತ್ತದೆ. ಹೆಣ್ಣು ತಗ್ಗಿನಲ್ಲೇ ಓಡಾಡಿ ಕಂಬಳಿಹುಳ, ಮಿಡತೆಮರಿ ಹೆಕ್ಕುತ್ತದೆ. ಎರಡೂ ಬಯಲು ದಾಟುವ ಗೋಜಿಗೇ ಹೋಗುವುದಿಲ್ಲ. ಪೊದೆಯಿಂದ ಪೊದೆಗೆ ಎಡವಿದಂತೆ ಹಾರಿದರೆ ಮುಗಿಯಿತು. ಆ ಪಾಳುಜಾಗವೇ ಅವುಗಳ ಲೋಕ.

ಗೂಡು ಕಟ್ಟುವುದನ್ನು ಕಂಡ ದಿನ ಅವಳಿಗೆ ಊಟದ ನೆನಪೇ ಆಗಲಿಲ್ಲ. ಹಕ್ಕಿ ಹುಲ್ಲಿನ ಗರಿಯನ್ನು ಸಣ್ಣ ಪಟ್ಟಿಯಾಗಿ ಸೀಳಿ ತಂದು ಒಂದು ಎಳೆಯ ಮೇಲೆ, ಇನ್ನೊಂದರ ಕೆಳಗೆ ತೂರಿಸುತ್ತಿತ್ತು. ನಡುನಡುವೆ ಜೇಡರ ಬಲೆಯ ಅಂಟು. ಕೊನೆಗೆ ಮೇಲ್ಗಡೆ ಪಕ್ಕದಲ್ಲಿ ಬಾಯಿರುವ ಪುಟ್ಟ ಚೀಲ ತೂಗಿತು.

“ಹಾಸೂ ಇದೆ, ಹೊಕ್ಕೂ ಇದೆ ರೀ! ಎಳೆ ಓಡಿಸೋ ಲಾಳಿ ಒಂದು ಇಲ್ಲ ಅಷ್ಟೆ,” ಎಂದು ಕೂಗಿದ್ದು ಬೀದಿಯ ಕೊನೆಯ ಮನೆಗೂ ಕೇಳಿತು.

ಮೊಟ್ಟೆ ಇಟ್ಟ ಮೇಲೆ ಗೂಡು ದೋಚುವ ಕೆಂಬೂತ ಬಂತು. ಅವಳು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಗೂಡು ಹರಿದು ಜೋತಾಡುತ್ತಿತ್ತು. ಆ ದಿನ ಮೈಕಮ್ಮ ಗೋಡೆಗೆ ತಲೆಕೊಟ್ಟು ಅತ್ತಳು. ಹಕ್ಕಿಗಳು ಮಾತ್ರ ಬೇಗನೆ ಆ ಹರಕು ಗೂಡಿನ ಎಳೆಗಳನ್ನೇ ಒಂದೊಂದಾಗಿ ಕಿತ್ತು ಪಕ್ಕದ ಪೊದೆಗೆ ಸಾಗಿಸತೊಡಗಿದವು. ಅವಳೂ ಕಣ್ಣೊರೆಸಿಕೊಂಡು ಸ್ಟೂಲನ್ನು ಅತ್ತ ಎಳೆದಳು.

ಎರಡನೇ ಗೂಡಿನಲ್ಲಿ ಮತ್ತೊಂದು ಫಜೀತಿ. ಉಲಿಯಕ್ಕಿಯ ಸ್ವಂತ ಮರಿಗಳ ಸುಳಿವಿಲ್ಲ. ಒಂದೇ ದಢೂತಿ ಮರಿ, ಗೂಡು ಬಿರಿಯುವಂತೆ ಕೂತಿದೆ! ಕೋಗಿಲೆಯ ಬಳಗದ ಹಕ್ಕಿಯೊಂದು ಕದ್ದು ಮೊಟ್ಟೆ ಇಟ್ಟುಹೋಗಿತ್ತು. ತನಗಿಂತ ದೊಡ್ಡದಾದ ಆ ಮರಿಯ ಬಾಯಿಗೆ ಉಲಿಯಕ್ಕಿ ತಲೆಯನ್ನೇ ತೂರಿಸಿ ಗುಟುಕು ಕೊಡುತ್ತಿತ್ತು.

ಯಾವತ್ತೂ ದನಿ ಏರಿಸದ ಗಂಡ ಅಂದು ಕೆಂಡವಾದ. “ಕಳ್ಳಪಿಂಡ! ಎತ್ತಿ ಬಿಸಾಕ್ತೀನಿ ತಡಿ,” ಎಂದು ಗೋಡೆ ಹತ್ತಿದ.

ಮೈಕಮ್ಮ ಅವನ ಅಂಗಿ ಹಿಡಿದು ಜಗ್ಗಿದಳು. “ಇಳೀರಿ ಕೆಳಗೆ! ಅದು ತಾನಾಗಿ ಬಂದು ಕೂತಿದ್ದಾ? ಹಸಿವಾಗಿದೆ, ಬಾಯಿ ಬಿಡ್ತಿದೆ. ನಾನು ನೋಡೋಕೆ ಬಂದವಳು, ನ್ಯಾಯ ಹೇಳೋಕಲ್ಲ.”

ಗಂಡ ಮುಖ ಊದಿಸಿಕೊಂಡು ಅಂಗಡಿಗೆ ಹೋದ. ಅವಳಿಗೂ ಒಳಗೊಳಗೆ ಸಂಕಟವೇ. ಆದರೂ ಆ ಮರಿ ರೆಕ್ಕೆ ಬಲಿತು ಹಾರಿಹೋಗುವ ತನಕ ದಿನಾ ನೋಡಿದಳು, ಒಂದು ದಿನವೂ ಮುಖ ತಿರುಗಿಸಲಿಲ್ಲ.

ಮಳೆಗಾಲ ಇಳಿಮುಖವಾಯಿತು. ಇನ್ನೆಲ್ಲಿ ಕಟ್ಟುತ್ತವೆ ಎಂದು ಗಂಡ ಕೈಚೆಲ್ಲಿದ. ಒಂದು ಬೆಳಗ್ಗೆ ಅವನೇ ಓಡಿಬಂದು ಅವಳ ಅಂಗೈ ಹಿಡಿದು, ಬೆರಳ ತುದಿಯಿಂದ ಟಕಟಕಟಕ ಎಂದು ಬಡಿದ. ಗಂಡು ಮತ್ತೆ ಹಾಡುತ್ತಿತ್ತು. ಅದರ ಲಯ ಅದು. ಅವಳು ಹಕ್ಕಿಯ ಗಂಟಲನ್ನೂ ಅಂಗೈಯನ್ನೂ ತಾಳೆ ಹಾಕುತ್ತ ಬಹಳ ಹೊತ್ತು ನಿಂತಳು.

ಮೂರನೇ ಗೂಡಿನಲ್ಲಿ ಮರಿಗಳಾದವು. ಒಂದು ಸಂಜೆ ಕೆಂಬೂತ ಮತ್ತೆ ಹುಲ್ಲಿನಲ್ಲಿ ಹೆಜ್ಜೆ ಹಾಕುತ್ತ ಬಂತು. ಮೈಕಮ್ಮ ಎದ್ದು ನಿಂತು, ಗಿರಣಿಯ ಅಷ್ಟೂ ಮಗ್ಗಗಳನ್ನು ಮೀರಿಸುವಂತೆ ಕೂಗಿದಳು: “ಹೋಗೋ ಆಚೆ, ಲೂಟಿಕೋರಾ!”

ಕೆಂಬೂತ ಬಿದ್ದೆನೋ ಎದ್ದೆನೋ ಎಂದು ಹಾರಿತು. ಕಳ್ಳ ನುಗ್ಗಿದ ಎಂದು ಬೀದಿಯೇ ದೊಣ್ಣೆ ಹಿಡಿದು ಬಂತು.

“ಎಲ್ಲಮ್ಮ ಕಳ್ಳ?” ಎಂದು ಪಕ್ಕದ ಮನೆಯ ಗಾರೆಯವ ಏದುಸಿರು ಬಿಟ್ಟ.

“ಹಾರಿಹೋದ,” ಅಂದಳು.

ಗಂಡ ವಿಷಯ ಹೇಳಿದಾಗ ಕೆಲವರು ಬೈದರು, ಕೆಲವರು ನಕ್ಕರು. ಗಾರೆಯವ ಮಾತ್ರ ಗೋಡೆಗೆ ಮೊಣಕೈ ಊರಿ ಕತ್ತಲಾಗುವವರೆಗೆ ಗೂಡು ನೋಡುತ್ತ ನಿಂತ. ನ್ಯಾಯ ಹೇಳುವುದಿಲ್ಲ ಎಂದವಳು ಕೆಂಬೂತನಿಗೆ ಯಾಕೆ ಬೈದೆ ಎಂದು ಗಂಡ ಚುಚ್ಚಿದಾಗ ಅವಳು, “ತಡೆಯೋಕೆ ಆಗ್ಲಿಲ್ಲ ರೀ,” ಎಂದು ಒಪ್ಪಿಕೊಂಡಳು.

ಮರಿಗಳು ಹೊರಬಂದವು. ಮೋಟು ಬಾಲದ ಹತ್ತಿಯುಂಡೆಗಳು ಒಂದೇ ಕೊಂಬೆಯಲ್ಲಿ ಮೈಗೆ ಮೈ ಒತ್ತಿ ಕೂತು ತುತ್ತಿಗೆ ಬಾಯಿ ತೆರೆದವು. ದಿನಗಳೆದಂತೆ ಹುಲ್ಲಿನಲ್ಲಿ ಚದುರಿ, ದೊಡ್ಡವುಗಳಿಂದ ಬೇರೆ ಮಾಡಿ ಹೇಳಲಾರದಷ್ಟು ಬೆಳೆದವು.

ಚಳಿ ಬಂದ ಮೇಲೆ ಗಂಡುಹಕ್ಕಿ ಹಾಡು ನಿಲ್ಲಿಸಿತು. ಇಬ್ಬರೂ ಗೋಡೆಯ ಬಳಿ ನಿಂತಿದ್ದಾಗ ಗಂಡ ತುಟಿ ಬಿಡಿಸಿ ಹೇಳಿದ: “ಈಗ ನನಗೂ ಏನೂ ಕೇಳಿಸ್ತಿಲ್ಲ ಕಣೇ. ಎಲ್ಲಿದೆಯೋ ಏನೋ.”

“ಅಯ್ಯೋ, ಅಲ್ಲೇ ಇದೆಯಲ್ಲ, ಆ ಒಣಗಿದ ಕಡ್ಡಿಯ ಬುಡದಲ್ಲಿ! ಬನ್ನಿ ಈ ಕಡೆ,” ಎಂದು ಮೈಕಮ್ಮ ಅವನ ಭುಜ ಹಿಡಿದು ತಿರುಗಿಸಿದಳು.