ಸೋಮವಾರದ ಮುಯ್ಯಾಳು

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವನ ದಿನ. ನೇಗಿಲು, ಕುಂಟೆ, ಗಾಡಿ ಎಲ್ಲಕ್ಕೂ ರಜೆ. ಆದರೆ ಮನುಷ್ಯರ ಕೈಗೆ ರಜೆ ಇಲ್ಲ. ರಾಗಿಯಲ್ಲಿ ಕಳೆ ಎದ್ದ ಕಾಲದಲ್ಲಿ ಸೋಮವಾರ ಬಂತೆಂದರೆ ಊರಿನವರೆಲ್ಲ ಯಾರಾದರೊಬ್ಬರ ಹೊಲಕ್ಕೆ ಮುಯ್ಯಾಳಾಗಿ ಇಳಿಯುತ್ತಾರೆ. ಈ ವಾರ ನಿಮ್ಮ ಮನೆಯಿಂದ ಒಂದಾಳು ನನ್ನ ಹೊಲಕ್ಕೆ ಬಂದರೆ ಇನ್ನೊಂದು ವಾರ ನಮ್ಮ ಮನೆಯಿಂದ ಒಂದಾಳು ನಿಮ್ಮ ಹೊಲಕ್ಕೆ. ಕೂಲಿ ಇಲ್ಲ. ಮಧ್ಯಾಹ್ನದ ಮುದ್ದೆ, ಉಪ್ಪೆಸರು ಹೊಲದವರದು. ಹಾಗೆ ಇಳಿದ ಮೇಲೆ ಹೊಲದವರು ‘ಸಾಕು, ಏಳಿ’ ಅನ್ನುವವರೆಗೂ ಯಾರೂ ಬದು ದಾಟುವುದಿಲ್ಲ. ಮಧ್ಯದಲ್ಲಿ ಎದ್ದು ಹೋದವನಿಗೆ ಮುಂದೆ ಯಾರೂ ಆಳು ಕೊಡುವುದಿಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ನನ್ನ ತಮ್ಮನಿಗೆ ನಾನು ಮಾಡಿದ್ದೆಲ್ಲ ಈ ಕಟ್ಟಿನೊಳಗೇ ನಡೆಯಿತು.

ನಮ್ಮದು ರಾವಂದೂರಿನ ಪಕ್ಕದ ಹಳ್ಳಿ. ನಾನು ಓದಿದ್ದು ಮೂರನೆಯ ಕ್ಲಾಸು. ತಮ್ಮ ಹುಟ್ಟಿದಾಗ ಅವ್ವ ಬಾಣಂತಿ ಸನ್ನಿಯಾಗಿ ಮಲಗಿದಳು. ಮಗುವನ್ನು ಎತ್ತಿಕೊಳ್ಳುವುದಕ್ಕೆ ಒಬ್ಬರು ಬೇಕಾಗಿತ್ತು. ನಾನು ಸ್ಲೇಟು ಬಿಟ್ಟೆ. ಅವನು ದೊಡ್ಡವನಾದ ಮೇಲೆ ಅದೇ ಸ್ಲೇಟಿನಲ್ಲಿ ಅವನಿಗೆ ಅ ಆ ತಿದ್ದಿಸಿದವಳೂ ನಾನೇ. ಆಮೇಲೆ ಅವನು ಪಿರಿಯಾಪಟ್ಟಣಕ್ಕೆ ಹೋದ, ಹುಣಸೂರಿಗೆ ಹೋದ, ಮೈಸೂರಿಗೆ ಹೋದ. ನನಗೆ ಮದುವೆಯಾಯಿತು, ಗಂಡ ಬೇಗ ತೀರಿಕೊಂಡರು, ನಾನು ತವರಿಗೆ ತಿರುಗಿ ಬಂದೆ. ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ಮನೆ, ಹೊಲ, ಎತ್ತು ನನ್ನ ಪಾಲಿಗೆ ಬಿದ್ದವು. ತಮ್ಮ ಮೈಸೂರಿನ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ. ಹುಡುಗರು ಗಾಜಿನ ಬುಡ್ಡಿಗಳಲ್ಲಿ ಅದೇನೇನೋ ಕಾಯಿಸಿ ಕಲಿಯುವುದನ್ನು ಪಕ್ಕದಲ್ಲಿ ನಿಂತು ತೋರಿಸಿಕೊಡುವ ಕೆಲಸ. ಕಾಯಂ ಆಗಿರಲಿಲ್ಲ.

ರಾಗಿಗೂ ಭತ್ತಕ್ಕೂ ಬೆಲೆಯೇ ಇಲ್ಲದ ವರ್ಷಗಳು ಅವು. ಕಂದಾಯ ನೆಟ್ಟಗೆ ಬಾರದೆ ಸರ್ಕಾರ ಎಲ್ಲ ಕಡೆಯೂ ಕೈ ಬಿಗಿಹಿಡಿದಿತ್ತು. ಯೂನಿವರ್ಸಿಟಿಗೆ ಕೊಡುತ್ತಿದ್ದುದನ್ನೂ ಇಳಿಸಿ, ‘ಯಾವುದನ್ನು ಉಳಿಸಿಕೊಳ್ಳುತ್ತೀರಿ, ಯಾವುದನ್ನು ಬಿಡುತ್ತೀರಿ, ಮುಂದಿನ ವರ್ಷಗಳಿಗೆ ಯೋಚನೆ ಮಾಡಿ ಬರೆದುಕೊಡಿ’ ಎಂದು ಕೇಳಿತ್ತಂತೆ. ಅದಕ್ಕೊಂದು ಕಮಿಟಿಯಾಗಿತ್ತು. ಊರಿಗೆ ಬಂದಾಗಲೆಲ್ಲ ತಮ್ಮನಿಗೆ ಅದೇ ಮಾತು. ಒಂದು ಸಲ ನಾನು ಜಗಲಿಯಲ್ಲಿ ಅವರೆಕಾಳು ಆರಿಸುತ್ತಿದ್ದೆ. ಅವನು ಎದುರಿಗೆ ಕುಕ್ಕರುಗಾಲಲ್ಲಿ ಕೂತು ಮೊರದಿಂದ ಕಾಳು ತೆಗೆದು ನೆಲದ ಮೇಲೆ ಇಡತೊಡಗಿದ.

“ಇದು ಉಣ್ಸೂರು ಅನ್ಕೋ ಅಕ್ಕ. ಇದು ಪಿರಿಯಾಪಟ್ಣ. ಇಲ್ಲಿ ಕೃಷ್ಣರಾಜನಗರ. ಇದು ದೂರದಲ್ಲಿ, ಕಾಡಿನ ಮಗ್ಗುಲಲ್ಲಿ ಅದೆಯಲ್ಲ, ಅದು ಕ್ವಾಟೆ ತಾಲ್ಲೂಕು.”

“ಕ್ವಾಟೆಗೆ ಅಷ್ಟು ಸಣ್ಣ ಕಾಳಾ?”

“ಹುಳುಕು ಕಾಳೇ ಸರಿ ಅದಕ್ಕೆ. ಅಲ್ಲಿ ಜ್ವರ ಬುಟ್ರೆ ಇನ್ನೇನದೆ?” ಎಂದು ನಕ್ಕ.

ಅವನ ಯೋಜನೆ ಇಷ್ಟು. ಮೈಸೂರಿನಲ್ಲಿ ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ಇರುವ ಮೇಷ್ಟರುಗಳೇ ಸರದಿಯಲ್ಲಿ ತಾಲ್ಲೂಕುಗಳಿಗೆ ಬಂದು, ಊರಿನ ಸ್ಕೂಲು ಜಗಲಿಯಲ್ಲೇ ಜನಕ್ಕೆ ಕನ್ನಡದಲ್ಲಿ ಪಾಠ ಹೇಳುವುದು. ಮಣ್ಣು, ಗೊಬ್ಬರ, ನೀರು, ಕಾಯಿಲೆ, ಕಾನೂನು. ‘ಕಂದಾಯ ಕಟ್ಟುವವರು ಇವರು, ಕಾಲೇಜು ಇವರ ಬಾಗಿಲಿಗೆ ಒಂದು ಸಲವೂ ಬರದಿದ್ದರೆ, ಕಷ್ಟ ಬಂದಾಗ ಅದನ್ನು ಉಳಿಸಿ ಎಂದು ಯಾರು ಕೇಳುತ್ತಾರೆ’ ಎನ್ನುತ್ತಿದ್ದ. ಸಾಲಿಗ್ರಾಮದಲ್ಲಿ ಒಂದು ಸಲ ನಡೆಸಿ ನೋಡಿದ್ದರು. ಜನ ಚೆನ್ನಾಗಿ ಸೇರಿದ್ದರಂತೆ. ಆದರೆ ಕಮಿಟಿಯಲ್ಲಿ ಕೆಲವರು ಒಪ್ಪಲಿಲ್ಲ. ಪೇಟೆ ಕಂಡ ಊರು ಅದು, ಹಳ್ಳಿಯ ಬೇಸಾಯಗಾರ ಬರುತ್ತಾನೋ ನೋಡೋಣ ಎಂದರು. ಹಾಗಾಗಿ ನಮ್ಮೂರು ಗೊತ್ತಾಯಿತು. ಇಬ್ಬರು ಮೆಂಬರುಗಳು ಮೋಟಾರಿನಲ್ಲಿ ಬಂದು ಕಣ್ಣಾರೆ ನೋಡುವುದು, ಆಮೇಲೆ ತೀರ್ಮಾನ. ಯೋಜನೆ ಒಪ್ಪಿಗೆಯಾದರೆ ತಮ್ಮನ ಕೆಲಸ ಕಾಯಂ. ಇಲ್ಲವಾದರೆ ಹಂಗಾಮಿ ಇರುವವರನ್ನು ಮೊದಲು ಬಿಡುತ್ತಾರೆ.

ಅವನು ಊರಿನ ರೀತಿ ಮರೆತವನಲ್ಲ. ಉಳುಮೆ ಇಲ್ಲದ ದಿನವೆಂದು ಸೋಮವಾರವೇ ಆರಿಸಿಕೊಂಡ. ನನ್ನನ್ನು ಕೇಳಿಯೇ ಆರಿಸಿಕೊಂಡ.

“ಈ ಸೋಮಾರ ಬುಟ್ಟು ಆಚೆ ಸೋಮಾರ ಮುಯ್ಯಾಳು ಯಾರ್ದಾರ ಅದಾ ಅಕ್ಕ?”

“ಯಾರ್ದೂ ಇಲ್ಲ ಬುಡು. ಮಳೇನೇ ಇಲ್ಲ, ಕಳೆ ಎಲ್ಲಿಂದ ಬಂದಾದು?”

“ಇದ್ರೂ ಒಂದು ವಾರ ಮುಂದಕ್ಕಾಕ್ಸು. ನಿನ್ ಮಾತು ಕೇಳ್ತರೆ.”

ಆಯಿತು ಎಂದೆ. ಮನಸ್ಸಿನಲ್ಲೂ ಆಯಿತು ಎಂದೇ ಇತ್ತು. ನೆಲದ ಮೇಲಿನ ಕಾಳುಗಳನ್ನು ನೋಡುತ್ತಾ ನನಗೂ ಆಸೆಯಾಯಿತು. “ನಾನೂ ಬಂದು ಕೂತ್ಕಳಾ? ಹಿಂದ್ಗಡೆ, ಕಂಬದ ಮರೇಲಿ?” ಎಂದು ಕೇಳಿದೆ.

ಅವನು ಕಾಳುಗಳನ್ನು ಬಳಿದು ಮೊರಕ್ಕೆ ಹಾಕಿದ. “ನಿಂಗ್ಯಾಕಕ್ಕ ಅದೆಲ್ಲ? ನಿಂಗೆ ತಿಳಿಯಾಕಿಲ್ಲ. ಬಂದೋರು ನಮ್ಮನೇಲಿ ಅಡ್ಗೆ ಉಣ್ಣಾಕಿಲ್ಲ. ಒಸಿ ಹಾಲು ಕಾಯ್ಸಿಡು ಸಾಕು.”

ಬೈದು ಹೇಳಿದ್ದಲ್ಲ. ಪ್ರೀತಿಯಲ್ಲಿಯೇ ಹೇಳಿದ, ಬೆನ್ನು ತಟ್ಟಿ ಎದ್ದು ಹೋದ. ಅದೇ ನನಗೆ ಹತ್ತಿಕೊಂಡಿತು. ಬೈದಿದ್ದರೆ ತಿರುಗಿ ಬೈದು ಮರೆಯುತ್ತಿದ್ದೆ.

ಅವನು ಮೈಸೂರಿಗೆ ಹೋದ ಮೇಲೆ ಮಳೆ ಹಿಡಿಯಿತು. ರಾಗಿಯ ಜೊತೆ ಕಳೆಯೂ ಎದ್ದಿತು. ಊರಿನ ಹೊಲಗಳಲ್ಲಿ ಎಲ್ಲಕ್ಕಿಂತ ಮೊದಲು ಎದ್ದದ್ದು ನಮ್ಮ ಹೊಲದಲ್ಲೇ, ಅದು ತಗ್ಗು. ಸೋಮವಾರಕ್ಕೆ ಯಾರ ಹೊಲ ಎಂಬ ಮಾತು ಬಂದಾಗ ನಾನು ‘ನನ್ನದು’ ಎಂದೆ. ಪಕ್ಕದ ಮನೆಯ ಯಜಮಾನರು, ನಮ್ಮಪ್ಪನ ಸ್ನೇಹಿತರು, ತಲೆ ಎತ್ತಿ ನೋಡಿದರು.

“ಅವತ್ತು ನಿನ್ ತಮ್ಮಂದು ಏನೋ ಅದೆಯಲ್ಲವ್ವ?”

“ಅವನದು ಮಧ್ಯಾಹ್ನದ ಮೇಲೆ. ಅಷ್ಟೊತ್ಗೆ ಮುಗೀತದೆ” ಎಂದುಬಿಟ್ಟೆ. ಮಧ್ಯಾಹ್ನಕ್ಕೆ ಮೊದಲೇ ಮೋಟಾರು ಬರುತ್ತದೆಂದು ನನಗೆ ಗೊತ್ತಿತ್ತು. ಕಳೆ ಇದ್ದದ್ದು ನಿಜ. ಇನ್ನೊಂದು ವಾರ ಬಿಟ್ಟಿದ್ದರೆ ರಾಗಿ ಸಾಯುತ್ತಿರಲಿಲ್ಲ ಎನ್ನುವುದೂ ಅಷ್ಟೇ ನಿಜ.

ಆ ಸೋಮವಾರ ಮಳೆ ಬಿಟ್ಟಿತ್ತು. ಬೆಳಿಗ್ಗೆಯೇ ಜನ ಹೊಲಕ್ಕೆ ಇಳಿದರು. ಸಾಲು ಹಿಡಿದು ಕಳೆ ಕೀಳುತ್ತಾ ಮಾತು ತಮ್ಮನ ಪಾಠದ ಕಡೆಗೇ ತಿರುಗಿತು.

“ಮಣ್ಣು ಅಂದ್ರೇನು ಅಂತ ಮೈಸೂರಿಂದ ಬಂದು ಏಳ್ಕೊಡ್ತರಂತೆ ಕಣ್ರಮ್ಮಿ,” ಎಂದಳು ಬಾಯಿಜೋರಿನ ಒಬ್ಬಳು. “ನಾವೇನ್ ಇಷ್ಟ್ ದಿನ ಮೊಸ್ರು ಉಳ್ತಿದ್ವಾ?”

ಎಲ್ಲರೂ ನಕ್ಕರು. ನಾನೂ ನಕ್ಕೆ.

“ಸುಮ್ಕಿರಮ್ಮಿ,” ಎಂದರು ಯಜಮಾನರು. “ನಮ್ಮೂರ್ ಹೈದ ಏಳ್ತನೆ ಅಂದ್ರೆ ಕೇಳ್ಬೇಕು. ಮೋಟಾರನ್ನಾದ್ರೂ ನೋಡ್ಕಂಡ್ ಬರಬೌದು.”

ಅಷ್ಟರಲ್ಲಿ ಊರ ಕಡೆಯಿಂದ ಮೋಟಾರಿನ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ತಮ್ಮ ಬದುವಿನ ಮೇಲೆ ಓಡಿ ಬಂದ. ಕೋಟು, ಪೇಟ, ಬಿಳಿ ಪಂಚೆಯ ಅಂಚೆಲ್ಲ ಕೆಸರು. ಸ್ಕೂಲು ಜಗಲಿಯಲ್ಲಿ ಮೆಂಬರುಗಳ ಮುಂದೆ ಒಬ್ಬ ಮುದುಕ, ಒಂದು ನಾಯಿ ಬಿಟ್ಟು ಯಾರೂ ಇರಲಿಲ್ಲವಂತೆ. ಬದುವಿನ ಮೇಲೆ ನಿಂತು ಹೊಲ ನೋಡಿದ. ಊರೆಲ್ಲ ಅಲ್ಲಿತ್ತು. ನನ್ನನ್ನು ನೋಡಿದ.

ಜನ ಕೈ ನಿಲ್ಲಿಸಿದರು. ಯಜಮಾನರು ಸೊಂಟ ಹಿಡಿದುಕೊಂಡು ಎದ್ದು, “ಏನವ್ವ, ಓಗ್ಬರೋಣ್ವಾ? ನೀನೊಂದ್ ಮಾತು ಅನ್ನು” ಎಂದರು.

ಒಂದು ಮಾತು. ‘ಏಳಿ’ ಎಂದಿದ್ದರೆ ಸಾಕಾಗಿತ್ತು. ನಗುತ್ತಾ, ಕೈ ಕೊಡವುತ್ತಾ ಎಲ್ಲರೂ ಅವನ ಹಿಂದೆ ನಡೆದುಬಿಡುತ್ತಿದ್ದರು. ಹೊಲದವರು ಹೇಳದೆ ಅವರು ಏಳುವಂತಿರಲಿಲ್ಲ. ಅವನೂ ಕೇಳುವಂತಿರಲಿಲ್ಲ, ಊರಿನ ಎದುರಿಗೆ ಅಕ್ಕನ ಕೈಯಲ್ಲಿ ಬೇಡುವುದಕ್ಕೆ ಅವನಿಗೆ ಬಾಯಿ ಬರಲಿಲ್ಲ. ನನ್ನ ನಾಲಿಗೆಯ ತುದಿಯಲ್ಲಿ ಮಾತು ಇತ್ತು. ಆದರೆ ತಲೆ ತಗ್ಗಿಸಿದೆ, ಮುಂದಿನ ಬುಡಕ್ಕೆ ಕೈ ಹಾಕಿದೆ. ನಾನು ಬಗ್ಗಿದ್ದು ನೋಡಿ ಸಾಲೆಲ್ಲ ಬಗ್ಗಿತು. ನಾನು ತಲೆ ಎತ್ತಿದಾಗ ಬದುವಿನ ಮೇಲೆ ಯಾರೂ ಇರಲಿಲ್ಲ.

ಆಮೇಲೆ ಜನರನ್ನು ಸಾಲಿನಲ್ಲೇ ಬಿಟ್ಟು ಹಾಲು ಕಾಯಿಸುವುದಕ್ಕೆ ಮನೆಗೆ ಹೋದೆ. ಅದನ್ನು ಮರೆಯಲಿಲ್ಲ ನೋಡಿ. ಮೆಂಬರುಗಳು ನಮ್ಮ ಜಗಲಿಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಒಬ್ಬರು ವಯಸ್ಸಾದವರು, ತಮ್ಮನ ಮೇಲೆ ಅವರಿಗೆ ಮಮತೆ ಇದ್ದಂತೆ ಕಂಡಿತು. ಇನ್ನೊಬ್ಬರು ತೆಳ್ಳಗೆ, ಕನ್ನಡಕ ಒರೆಸುತ್ತಲೇ ಮಾತಾಡುವವರು. ನಾನು ಬಾಗಿಲ ಮರೆಯಲ್ಲಿ ನಿಂತೆ.

“ಜನಕ್ಕೇ ಬೇಡವಾದದ್ದನ್ನು ನಾವು ಏಕೆ ಹೊತ್ತು ತಿರುಗಬೇಕು, ಹೇಳಿ?” ಎಂದರು ಕನ್ನಡಕದವರು. “ಇರುವುದೇ ಚೂರು. ಅದನ್ನು ಓದುವ ಹುಡುಗರಿಗೆ ಬಳಸೋಣ.”

ವಯಸ್ಸಾದವರು ತಮ್ಮನ ಕಡೆ ತಿರುಗಿ, “ಏನಪ್ಪ, ಯಾಕೆ ಹೀಗಾಯಿತು? ಯಾರಾದರೂ ಅಡ್ಡ ಬಂದರೇನು?” ಎಂದು ಕೇಳಿದರು.

ನಾನು ಹಾಲಿನ ಲೋಟ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದೆ. ತಮ್ಮ ನನ್ನ ಕಡೆ ನೋಡಲಿಲ್ಲ.

“ಇಲ್ಲ ಸ್ವಾಮಿ. ದಿನ ನಾನೇ ತಪ್ಪು ಗೊತ್ತುಮಾಡಿದೆ. ಮಳೆ ಬಂದಿದೆ, ಇದು ಕಳೆಯ ಕಾಲ. ನನಗೆ ಅಂದಾಜಾಗಲಿಲ್ಲ.”

“ಒಂದು ಹಳ್ಳಿಯ ಸೋಮವಾರದ ಅಂದಾಜು ಆಗಲಿಲ್ಲ ಅಂದರೆ ನಾಲ್ಕು ತಾಲ್ಲೂಕಿನದು ಹೇಗಪ್ಪ ಆದೀತು?” ಎಂದರು ಕನ್ನಡಕದವರು. ಗಟ್ಟಿಯಾಗಿ ಅನ್ನಲಿಲ್ಲ, ಬೇಸರದಲ್ಲಿ ಅಂದರು. ಅಲ್ಲಿಯೂ ನಾನು ಬಾಯಿ ಬಿಡಬಹುದಾಗಿತ್ತು. ಲೋಟಗಳನ್ನು ಚಾಪೆಯ ಪಕ್ಕದಲ್ಲಿ ಇಟ್ಟು ಒಳಗೆ ಹೋದೆ.

ಹಳ್ಳಿಯ ಪಾಠಗಳನ್ನು ನಿಲ್ಲಿಸಿದರು. ಹಂಗಾಮಿಯವರನ್ನು ಬಿಟ್ಟರು. ತಮ್ಮನಿಗೆ ಬಹಳ ದಿನ ಕೆಲಸವಿರಲಿಲ್ಲ. ಕೊನೆಗೆ ಮೇಷ್ಟರ ಕೆಲಸ ಸಿಕ್ಕಿದ್ದು ಅವನು ಹುಳುಕು ಕಾಳು ಇಟ್ಟಿದ್ದ ಕೋಟೆಯ ಕಡೆ, ಕಾಡಿನಂಚಿನಲ್ಲಿ. ಅಲ್ಲಿಗೆ ಹೋಗಲು ಯಾರೂ ಒಪ್ಪುತ್ತಿರಲಿಲ್ಲ. ಅದಕ್ಕೇ ಅದು ಖಾಲಿ ಇತ್ತು. ಹೊರಡುವ ದಿನ ನಾನು ಕಟ್ಟಿಕೊಟ್ಟ ಬುತ್ತಿ ತೆಗೆದುಕೊಂಡು ಹೋದ. ಮರುವರ್ಷ ಗೌರಿ ಹಬ್ಬಕ್ಕೆ ಬಂದಾಗ ಹೊಟ್ಟೆ ಉಬ್ಬಿತ್ತು, ಕಣ್ಣು ಹಳದಿಯಾಗಿತ್ತು. ದಿನ ಬಿಟ್ಟು ದಿನ ಚಳಿಜ್ವರ. ಕಂಬಳಿಯ ಮೇಲೆ ಕಂಬಳಿ ಹೊದಿಸಿ ನಾನೇ ಮೇಲೆ ಒರಗಿ ಹಿಡಿದುಕೊಳ್ಳುತ್ತಿದ್ದೆ, ಚಿಕ್ಕವನಾಗಿದ್ದಾಗ ಹಿಡಿದ ಹಾಗೆ.

ಜ್ವರ ಇಳಿದಿದ್ದ ಒಂದು ಬೆಳಿಗ್ಗೆ ಹೊಲ ನೋಡುತ್ತೇನೆ ಎಂದ. ಕೈ ಹಿಡಿದು ಕರೆದುಕೊಂಡು ಹೋದೆ. ಅದೇ ಬದುವಿನ ಮೇಲೆ ಕೂತ. ನಾನು ಅಷ್ಟು ದಿನ ಕಟ್ಟಿಟ್ಟುಕೊಂಡಿದ್ದ ಮಾತನ್ನು ಆಡಬೇಕೆಂದು ಹೋದವಳು, ಆಡಲಾರದೆ ಇನ್ನೊಂದು ಆಡಿದೆ.

“ಅವತ್ತು ಜನ ಬಂದಿದ್ರೆ ಮಣ್ಣಿನ ಇಚಾರ ಏನ್ ಏಳ್ತಿದ್ದೆ ಅಪ್ಪಯ್ಯ? ನಂಗ್ ಏಳು. ತಿಳಿದಷ್ಟು ತಿಳೀಲಿ.”

ಅವನು ನನ್ನನ್ನೇ ನೋಡಿದ. ಒಂದು ಹಿಡಿ ಮಣ್ಣು ತೆಗೆದುಕೊಂಡು ಬೆರಳಲ್ಲಿ ಉಜ್ಜಿದ. ಹೇಳುತ್ತಾನೆ ಎಂದುಕೊಂಡೆ. ಮಣ್ಣು ಸೋರಿ ಹೋಯಿತು.

“ಮರ್ತೋಯ್ತು ಕಣಕ್ಕ,” ಎಂದ.

ಮರೆತಿತ್ತೋ, ನನಗೆ ಹೇಳಲು ಮನಸ್ಸಿರಲಿಲ್ಲವೋ, ಗೊತ್ತಿಲ್ಲ. “ನೀರು ಕಾಯ್ಸ್ಲಾ, ಮೈ ತೊಳ್ಕೊಂಡೀಯಾ?” ಎಂದೆ. ಹೂಂ ಎಂದ. ಹಬ್ಬ ಮುಗಿಸಿ ಕೋಟೆಗೆ ಹೋದವನು ಮತ್ತೆ ಬರಲಿಲ್ಲ. ಚಳಿಗಾಲದಲ್ಲಿ ಸುದ್ದಿ ತಲುಪಿ, ನಾವು ಗಾಡಿ ಕಟ್ಟಿಕೊಂಡು ಹೋಗುವ ಹೊತ್ತಿಗೆ ಮಣ್ಣು ಮಾಡಿದ್ದರು. ಅವತ್ತೂ ಸೋಮವಾರ. ಸೋಮವಾರ ಎತ್ತು ಕಟ್ಟಬಾರದೆಂದು ಯಾರೂ ನನಗೆ ಹೇಳಲಿಲ್ಲ.

ಆಮೇಲೆ ಯಾವ ಸೋಮವಾರವೂ ನನ್ನ ಹೊಲಕ್ಕೆ ಮುಯ್ಯಾಳು ಕರೆಯಲಿಲ್ಲ. ಕಳೆ ಎಷ್ಟು ಬಂದರೂ ಕರೆಯಲಿಲ್ಲ. ಯುದ್ಧದ ವರ್ಷಗಳಲ್ಲಿ, ಹೆಚ್ಚು ಬೆಳೆಯಿರಿ ಎಂದು ಹೇಳಲು ಸರ್ಕಾರದ ಕಡೆಯಿಂದ ಒಬ್ಬರು ಊರಿಗೆ ಬಂದರು. ಸ್ಕೂಲು ಜಗಲಿಯಲ್ಲಿ ಮಣ್ಣಿನ ವಿಚಾರ ಮಾತಾಡಿದರು. ಜಗಲಿ ತುಂಬಿ ಜನ ಕೆಳಗೂ ಕೂತಿದ್ದರು. ನಾನು ಕಂಬದ ಮರೆಗೆ ಹೋಗದೆ ಎಲ್ಲರಿಗಿಂತ ಮುಂದೆ ಕೂತೆ. ಯಾರೂ ಬೇಡ ಎನ್ನಲಿಲ್ಲ. ಅವರು ಹೇಳಿದ್ದೆಲ್ಲ ನನಗೆ ತಿಳಿಯಿತು. ಅದರಲ್ಲಿ ಯಾವ ಮಾತನ್ನು ನನ್ನ ತಮ್ಮ ಹೇಳುತ್ತಿದ್ದ ಎಂಬುದು ಮಾತ್ರ ತಿಳಿಯಲಿಲ್ಲ.