ಬೆರಳ ಮೇಲೆ ತೂಗುತ್ತಿದ್ದ ಮಾವಶಿ

ಯಾವ ವಸ್ತು ಕೈಗೆ ಬಂದರೂ ಶಾಂತಾ ಮಾವಶಿ ಮೊದಲು ಅದನ್ನು ತೋರುಬೆರಳ ಮೇಲೆ ನಿಲ್ಲಿಸಿ, ಭಾರ ಯಾವ ಕಡೆ ವಾಲುತ್ತದೆಂದು ನೋಡುತ್ತಿದ್ದಳು. ಸೌಟು, ಬಾಚಣಿಗೆ, ಲಟ್ಟಣಿಗೆ, ಬೀಗರು ತಂದ ಬಾಳೆಹಣ್ಣನ್ನೂ ಬಿಡುತ್ತಿರಲಿಲ್ಲ. ನನ್ನ ತಂಗಿಯನ್ನು ನೋಡಲು ಬಂದ ವರನ ಬಗ್ಗೆ ಮನೆಯವರು ಕೇಳಿದಾಗ, "ಹುಡುಗ ಚಲೋ ಅದಾನ, ಆದ್ರ ಹಿಂದ ಭಾರ ಆಗೇತಿ. ಏರಿದಂಗ ಮಾಡಿ ಕುಂತ ಬಿಡ್ತಾನ" ಅಂದಿದ್ದಳು. ಆ ಮಾತು ಅರ್ಥವಾದದ್ದು ನನಗೊಬ್ಬಳಿಗೇ.

ಮಾವಶಿ ನಮ್ಮವ್ವನ ತಂಗಿ. ಕಾಗವಾಡದ ಹತ್ತಿರ ಅವಳ ದ್ರಾಕ್ಷಿ ತೋಟ. ಮದುವೆಯ ಗೋಜಿಗೆ ಹೋಗಲಿಲ್ಲ. ದ್ರಾಕ್ಷಿ ಒಣಗಿಸುವ ಶೆಡ್ಡಿನ ಮೂಲೆಯಲ್ಲಿ ಕುಳಿತು ರಾಕೆಟ್ ಗ್ಲೈಡರ್ ಕಟ್ಟುವುದು ಅವಳ ಹುಚ್ಚು. ಹಗುರ ಕಟ್ಟಿಗೆಯ ಪುಟ್ಟ ವಿಮಾನ ಅದು. ರಾಕೆಟ್ಟಿನಂತೆ ಸುಂಯ್ಯನೆ ಮೇಲೇರಿ, ಮದ್ದಿನ ಕೊಳವೆ ಕಳಚಿಬಿದ್ದ ಮೇಲೆ ಸುತ್ತು ಹಾಕುತ್ತಾ ತೇಲಿ ಇಳಿಯುತ್ತದೆ. ರೆಕ್ಕೆ ಸೊಟ್ಟಗಾದರೆ ಕುದಿಯುವ ಎಸರಿನ ಉಗಿಗೆ ಹಿಡಿದು ಮೆಲ್ಲಗೆ ತಿದ್ದುತ್ತಿದ್ದಳು. ಮುರಿದದ್ದನ್ನು ಅವಳು ಎಸೆದದ್ದು ನಾನು ಕಾಣೆ.

ಹಿಂದೆ ಭಾರವಾದರೆ ಗ್ಲೈಡರ್ ಏರಿದಂತೆ ಮಾಡಿ ಕುಸಿಯುತ್ತದೆ, ಅದಕ್ಕೇ ಮೂಗಿಗೆ ಜೇಡಿಮಣ್ಣು ಮೆತ್ತುವುದು. ಒಮ್ಮೆ ಅದು ಸಿಗದೆ ಬೆಲ್ಲದ ಉಂಡೆ ಮೆತ್ತಿದಳು. ಬೆಳಿಗ್ಗೆ ಕೈಯಿಂದ ಎಸೆದು ನೋಡಿದಾಗ ಗ್ಲೈಡರ್ ಬೆಣ್ಣೆಯಂತೆ ಇಳಿಯಿತು. ಮಧ್ಯಾಹ್ನ ಬೀಗರೆಲ್ಲರ ಮುಂದೆ ಹಾರಿಸುವ ಹೊತ್ತಿಗೆ ಅರ್ಧ ಬೆಲ್ಲ ಇರುವೆಗಳ ಪಾಲಾಗಿತ್ತು. ಗ್ಲೈಡರ್ ಮೇಲೆ ಹೋಗಿ ಮೂಗೆತ್ತಿತು, ನಿಂತಿತು, ಮುಗ್ಗರಿಸಿತು. ಕೊನೆಗೆ ಶೆಡ್ಡಿನ ಹಸಿರು ಬಲೆಯ ಮೇಲೆ ಬಿತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕರು. "ಇರಿವಿಗೇನ ಅನ್ನೂದು, ಅದಕ್ಕ ಹಸಿವಿ ಇತ್ತು. ಬುದ್ಧಿ ಇರಬೇಕಾದಾಕಿ ನಾನು" ಎನ್ನುತ್ತಾ ಮಾವಶಿ ಏಣಿ ಹುಡುಕಿದಳು.

ಆಮೇಲೆ ಅವಳ ಕಣ್ಣಿನ ನರ ಒಣಗತೊಡಗಿತು. ಹೋದ ದೃಷ್ಟಿ ಮರಳದು ಎಂದು ಮಿರಜದ ಡಾಕ್ಟರು ಹೇಳಿದರು. ಹೋದ ವರ್ಷ ನಾನು ಚಿಕ್ಕೋಡಿಯಿಂದ ಹೋದಾಗ ಅವಳಿಗೆ ಬೆಳಕು-ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆದರೂ ತೊಡೆಯ ಮೇಲೆ ಹೊಸ ಗ್ಲೈಡರ್ ಇತ್ತು, ಬರೀ ಬೆರಳಿನಿಂದ ತಡವಿ ಕಟ್ಟಿದ್ದು.

"ಇದೊಂದು ಹಾರಿದ್ರ ಸಾಕ. ನನ್ನ ಕೈಗೆ ಇನ್ನೂ ಕಣ್ಣ ಅದಾವು ಅಂತ ತಿಳಕೋತೀನಿ" ಅಂದಳು.

ಕಬ್ಬು ಕಡಿದ ಹೊಲಕ್ಕೆ ಹೋದೆವು. ಅವಳು ಎಸೆಯುವುದು, ನಾನು ನೋಡಿ ಹೇಳುವುದು. ಮೂಗೆತ್ತಿತು ಎಂದರೆ ಚಿಟಿಕೆ ಮಣ್ಣು ಮೆತ್ತುವಳು. ಸುತ್ತು ಹಾಕದೆ ನೆಟ್ಟಗೆ ಹೋಗುತ್ತಿದೆ ಎಂದರೆ ಬಾಲದ ಅಂಚನ್ನು ಕೂದಲೆಳೆಯಷ್ಟು ಬಾಗಿಸುವಳು. ಕೊನೆಗೆ ಮದ್ದಿಗೆ ಕಿಡಿ ಹೊತ್ತಿಸುವ ಗುಂಡಿ ಒತ್ತಿದಳು. ಗ್ಲೈಡರ್ ಹೊಗೆ ಬಿಟ್ಟು ಏರಿತು, ಕೊಳವೆ ಕಳಚಿತು, ರೆಕ್ಕೆ ಗಾಳಿಗೆ ಕೂತಿತು.

"ಈಗ ಎಲ್ಲೈತಿ?" ಎಂದು ಕೇಳುತ್ತಲೇ ಇದ್ದಳು. ಎಡಕ್ಕೆ ಸುತ್ತುತ್ತಿದೆ ಎಂದೆ. ಇಳಿಯುತ್ತಿಲ್ಲ, ಬಿಸಿಗಾಳಿ ಸಿಕ್ಕು ಏರುತ್ತಿದೆ ಎಂದೆ. ಹೊಳೆಯ ಕಡೆ ತೇಲಿ ಹೋಗುತ್ತಾ ಚುಕ್ಕಿಯಾಯಿತು. ಕಡೆಗೆ ನನಗೂ ಕಾಣದಾಯಿತು, ಹಾಗೆಂದು ಹೇಳಿದೆ.

"ಹಂಗಾರ ಈಗ ನಾವಿಬ್ಬರೂ ಒಂದ ಆದಿವಿ ನೋಡ" ಅಂದಳು ಮಾವಶಿ. ನನ್ನ ಕೈ ಹಿಡಿದು, ಮುಖ ಮೇಲೆತ್ತಿ, ಬಹಳ ಹೊತ್ತು ನಿಂತಿದ್ದಳು. ಅಷ್ಟು ಸಂತೋಷದ ಮುಖವನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಆ ದೀಪಾವಳಿಗೆ ಮುಂಚೆಯೇ ಮಾವಶಿ ತೀರಿಹೋದಳು. ಅವಳು ಬೇಕು ಅನ್ನಿಸುತ್ತದೆ. ಪಕ್ಕದಲ್ಲಿ ನಿಂತು ಅವಳು ಕೇಳುತ್ತಿರಬೇಕು, ನಾನು ನೋಡಿ ಹೇಳುತ್ತಿರಬೇಕು ಅನ್ನಿಸುತ್ತದೆ. ಈಗ ಆಕಾಶ ನೋಡಿದರೂ ಹೇಳುವುದು ಯಾರಿಗೆ?